ಹಂಡೆಯಲ್ಲಿ ಬಾಳೆಗೊನೆ

ಬಹಳ ಹಿಂದೆ, ಏಳು ಬೆಟ್ಟದಾಚೆ ಹೊನ್ನಗಿರಿ ಅಂತ ಒಂದು ರಾಜ್ಯ. ಅಲ್ಲಿನ ರಾಜಕುಮಾರ ಮಕರಂದನನ್ನು ಕರಾಳಾಕ್ಷನೆಂಬ ಮಾಂತ್ರಿಕ ಗಿಳಿ ಮಾಡಿಬಿಟ್ಟ. ಕುಂಡದಲ್ಲಿ ಒಂದು ಬಾಳೆಕಂದು ನೆಟ್ಟುಕೊಟ್ಟು, "ಇದರ ಹಣ್ಣು ತಿಂದರೆ ಮತ್ತೆ ಮನುಷ್ಯನಾಗ್ತಾನೆ. ಗೊನೆ ಬಿಡದೆ ಗಿಡ ಸತ್ತರೆ ಸಾಯೋತನಕ ಗಿಳಿಯೇ. ನಿಮ್ಮ ಮನೇಲಿ ಗೊನೆ ಬಿಟ್ಟ ಹಾಗೇ!" ಅಂತ ನಕ್ಕು ಹೋದ.

ಬೇರೆ ಮಾಟ ಮಾಡಬೇಕಾಗಿಯೇ ಇರಲಿಲ್ಲ ನೋಡಿ ಅವನು. ಉಳಿದದ್ದನ್ನೆಲ್ಲ ಮನೆಯವರೇ ಮಾಡಿದರು!

ಕುಂಡ ಬೇರಿಗೆ ಸಾಲದೆ ಗಿಡ ಬೆಳೆಯೋದೇ ನಿಂತಿತು. ಮಕರಂದನ ಅಕ್ಕ ಮಂದಾರಮಾಲೆ ಬಚ್ಚಲುಮನೆಯ ದೊಡ್ಡ ಹಂಡೆಗೆ ತೂತು ಕೊರೆಸಿ, ಮಣ್ಣು ಗೊಬ್ಬರ ತುಂಬಿ, ಗಿಡ ನೆಟ್ಟು ಬಿಸಿಲಿಗಿಟ್ಟಳು.

"ಅಯ್ಯೋ, ನನ್ನ ಹಂಡೆ!" ರಾಜ ಕೂಗಾಡಿದ.

"ಮಗ ಬೇಕೋ ಹಂಡೆ ಬೇಕೋ ಅಪ್ಪಾಜಿ?"

ರಾಜ ಗೊಣಗುತ್ತಾ ತಣ್ಣೀರು ಸುರಿದುಕೊಂಡ.

ಆಮೇಲೆ ಬುಡದಲ್ಲಿ ಮರಿಕಂದುಗಳ ಹಿಂಡೇ ಎದ್ದಿತು. ಗಿಡದ ಸತ್ವವೆಲ್ಲ ಅವಕ್ಕೇ. ಮಂದಾರಮಾಲೆ ಒಂದನ್ನುಳಿಸಿ ಮಿಕ್ಕವನ್ನು ಕೀಳಲು ಹೋದರೆ ಅಜ್ಜಿ ಅಡ್ಡ ಬಂದಳು.

"ತಾಯಿಯಿಂದ ಮಕ್ಕಳನ್ನ ಬಿಡಿಸ್ತೀಯೇನೇ?"

"ನಿಮ್ಮ ಮೊಮ್ಮಗ ಅಲ್ಲಿ ಕೂತು ಮೆಣಸಿನಕಾಯಿ ಕಡೀತಿದ್ದಾನಲ್ಲ ಅಜ್ಜಿ, ಅವನ ತಾಯಿ ಗತಿ ಏನು?"

ಅಜ್ಜಿ ಕಣ್ಣೊರೆಸಿಕೊಂಡು ಸರಿದಳು.

ಇನ್ನು ಎಲೆ! ಎಲೆಯಿಲ್ಲದೆ ಬಾಳೆ ಹೂ ಬಿಡುತ್ತದೆಯೇ? ಹೇಳಿ ಹೇಳಿ ಮಂದಾರಮಾಲೆಯ ಗಂಟಲು ಒಣಗಿತು. ಹಬ್ಬಕ್ಕೊಂದು ಎಲೆ, ನೆಂಟರಿಗೊಂದು ಎಲೆ, ರಾಣಿಯ ಚಾಕು ಸುಮ್ಮನಿದ್ದರೆ ತಾನೇ!

"ಒಂದೇ ಎಲೆ ಕಣೇ. ತಟ್ಟೇಲಿ ಬಡಿಸಿದರೆ ಮರ್ಯಾದೆ ಉಳಿಯುತ್ತಾ?"

"ಅಮ್ಮಾ, ಅದು ನನ್ನ ಜೀವ ಕಣಮ್ಮಾ!" ಗಿಳಿ ಚೀರಿತು.

ರಾಣಿ ಅಳುತ್ತಾ ಚಾಕು ಕೆಳಗಿಟ್ಟಳು. ಅಂತೂ ಇಂತೂ ಬಾಳೆಹೂ ಇಣುಕಿತು.

ಅವತ್ತೇ ಒಬ್ಬ ಮುದಿ ಸನ್ಯಾಸಿ ಬಾಗಿಲಿಗೆ ಬಂದ. "ಆ ಬಾಳೆಯ ಎಲೆಗಳನ್ನೆಲ್ಲ ಕುಯ್ದು ಹಾಸಿ ಬಡಿಸಿ. ಇಲ್ಲದಿದ್ದರೆ ಶಾಪ ಕೊಡ್ತೀನಿ!"

ರಾಣಿ ಅಭ್ಯಾಸಬಲದಿಂದ ಚಾಕು ಹಿಡಿದು ಹಂಡೆಯ ಹತ್ತಿರ ಹೋದಳು. ಅವಳು ಗಿಳಿಯನ್ನು ನೋಡಿದಳು, ಚಾಕು ಬಿಸಾಕಿದಳು.

"ಮುತ್ತುಗದ ಎಲೆ ಹಾಕ್ತೀನಿ ಸ್ವಾಮಿ. ಉಂಡರೆ ಉಣ್ಣಿ, ಬಿಟ್ಟರೆ ಬಿಡಿ!"

ಸಿಟ್ಟಿನಿಂದ ಕುಣಿದಾಡಿದ ಸನ್ಯಾಸಿಯ ಗಡ್ಡ ಉದುರಿತು. ನೋಡಿದರೆ ಕರಾಳಾಕ್ಷ! ಹಲ್ಲು ಕಡಿಯುತ್ತಾ ಓಡಿಹೋದ.

ಗೊನೆ ಹಣ್ಣಾಯಿತು. ಗಿಳಿ ಒಂದು ಹಣ್ಣು ಕುಕ್ಕಿ ತಿಂದದ್ದೇ ತಡ, ಮಕರಂದ ಎದ್ದು ನಿಂತ. ಅವನ ಮೈಯಿಂದ ಕಳಚಿದ ಹಸಿರು ಗರಿಗಳೆಲ್ಲ ಹಾರಿಹೋಗಿ ಕರಾಳಾಕ್ಷನಿಗೆ ಅಂಟಿಕೊಂಡವು. ಅವನು ಇವತ್ತಿಗೂ ಗಿಳಿ.

"ಈಗಲಾದರೂ ಕುಯ್ಯಲೇನೇ?" ರಾಣಿ ಮಗಳನ್ನು ಕೇಳಿದಳು.

"ಕುಯ್ಯಮ್ಮಾ, ಎಲ್ಲಾನೂ ಕುಯ್ಯಿ! ಗೊನೆ ಕೊಟ್ಟ ಗಿಡ ಇನ್ನು ನಿಲ್ಲಲ್ಲ."

ರಾಣಿ ಮೊದಲ ಎಲೆಯನ್ನು ಮಗನಿಗೆ ಹಾಸಿ, ತುತ್ತು ಕಲಸಿ, ಕೈಯಾರೆ ಉಣಿಸಿದಳು. ಎಲ್ಲರೂ ಸುಖವಾಗಿದ್ದರು. ರಾಜನಿಗೆ ಮಾತ್ರ ಈಗಲೂ ತಣ್ಣೀರೇ. ಹಂಡೆಯಲ್ಲಿ ಆ ಉಳಿಸಿದ ಮರಿಕಂದು ಬೆಳೀತಿದೆಯಲ್ಲ!