ಬಳೆಗಾರರ ಬೀದಿ ಎಲ್ಲಿತ್ತು?

ಸೋಮವಾರ ಬೆಳಗಾಗುವಷ್ಟರಲ್ಲಿ ಚನ್ನಪಟ್ಟಣದ ಸಿದ್ದಲಿಂಗಪ್ಪ ರಸ್ತೆಯ ಬೊಂಬೆ ಗೋದಾಮು ಬೂದಿಯಾಗಿತ್ತು. ಉಳಿದದ್ದು ಕಪ್ಪಿಟ್ಟ ಗೋಡೆಗಳು, ಸೊಟ್ಟಗಾದ ತಗಡು. ಬೊಂಬೆಗಳಿಗೆ ಹಚ್ಚುವ ಅರಗಿನ ಬಣ್ಣ ಕರಗಿ ಹರಿದು ಬಾಗಿಲವರೆಗೂ ಹೆಪ್ಪುಗಟ್ಟಿತ್ತು. ಒಳಗೆ ಮಲಗಿದ್ದ ಕಾವಲುಗಾರ ಜಬ್ಬಾರ್‌ನನ್ನು ಅಕ್ಕಪಕ್ಕದವರು ಹೊರಗೆಳೆದು ಆಸ್ಪತ್ರೆಗೆ ಸಾಗಿಸಿದ್ದರು. ಎರಡೂ ಕೈ ಬೆಂದಿದ್ದವು.

ಸಬ್ ಇನ್ಸ್‌ಪೆಕ್ಟರ್ ಭಾನುಪ್ರಿಯ ಗೋದಾಮನ್ನು ಒಂದು ಸುತ್ತು ಹಾಕಿ ಬಂದು, ಎದುರಿನ ಕಂಬದ ಮುಂದೆ ನಿಂತುಬಿಟ್ಟರು.

“ಬಾಲರಾಜು, ಇಲ್ಲಿ ನೋಡಿ.”

ಹೆಡ್ ಕಾನ್‌ಸ್ಟೆಬಲ್ ಆದ ನಾನು ಹತ್ತಿರ ಹೋದೆ. ಕಂಬದ ಮೇಲಿನ ನಾಮಫಲಕಕ್ಕೆ ಯಾರೋ ಟಾರು ಬಳಿದಿದ್ದರು. ‘ಸಿದ್ದಲಿಂಗಪ್ಪ ರಸ್ತೆ’ ಎಂಬ ಹೆಸರು ಮುಚ್ಚಿಹೋಗಿತ್ತು. ಅದರ ಮೇಲೆ ಬಿಳಿ ಬಣ್ಣದಲ್ಲಿ ದಪ್ಪಕ್ಷರಗಳು— ‘ಬಳೆಗಾರರ ಬೀದಿ’.

ಗೋದಾಮಿನ ಮಾಲೀಕ ರುದ್ರಪ್ರಸಾದ್ ಕೂಗಾಡುತ್ತಲೇ ಬಂದ. ಊರಲ್ಲಿ ಜಮೀನು, ಸೈಟು, ಕಟ್ಟಡ ಎಂದರೆ ಅವನ ಹೆಸರೇ. ಸಿದ್ದಲಿಂಗಪ್ಪ ಅವನ ತಂದೆ.

“ಇನ್ಯಾರು ಮೇಡಂ? ಆ ಮುದುಕ ಬೋರಲಿಂಗಯ್ಯನೇ! ಇದೇ ಜಾಗದಲ್ಲಿ ಅವನ ಬೊಂಬೆ ಅಂಗಡಿ ಇತ್ತು. ಕೆಡವಿಸಿದೆ ಅಂತ ಬಸ್ ಸ್ಟ್ಯಾಂಡಲ್ಲಿ ಮಣ್ಣು ತೂರಿ ಶಾಪ ಹಾಕಿದ್ದ. ಹಳೇ ಹೆಸರು ಅವನಂಥ ಮುದುಕರನ್ನ ಬಿಟ್ಟು ಯಾರಿಗೆ ಗೊತ್ತು?”

ಮಾತು ಸರಿಯೆನಿಸಿತು. ಮಧ್ಯಾಹ್ನದ ಹೊತ್ತಿಗೆ ಕೆಂಗಲ್ ಹತ್ತಿರದ ಮನೆಯಿಂದ ಬೋರಲಿಂಗಯ್ಯನನ್ನು ಠಾಣೆಗೆ ಕರೆತಂದೆ. ದಾರಿಯುದ್ದಕ್ಕೂ ಮುದುಕನ ಮುಖದಲ್ಲಿ ನಗು.

“ಬೆಂಕಿ ಇಟ್ಟಿದ್ದು ನೀವಾ?” ಭಾನುಪ್ರಿಯ ಕೇಳಿದರು.

“ನಾನಿಕ್ಕಿಲ್ಲ ಕಣವ್ವ. ಇಕ್ಕಿದೋರು ಸಿಕ್ರೆ ಕಾಲಿಗ್ ಬೀಳ್ತೀನಿ.”

“ನಗು ಯಾಕೆ?”

“ನಗ್ದೆ ಅಳ್ಲಾ? ನನ್ ಅಂಗ್ಡಿ ಕೆಡುವ್ದಾಗ ಅವ್ನು ಕುರ್ಚಿ ಹಾಕ್ಕಂಡು ಕುಂತು ನಗ್ತಿದ್ದ.”

“ಆ ಬೀದಿಗೆ ಮೊದಲು ಏನಂತಿದ್ರು?”

“ಗಾಣದ್ ಬೀದಿ.”

“ಬಳೆಗಾರರ ಬೀದಿ ಅಲ್ವಾ?”

ಮುದುಕ ನಗು ನಿಲ್ಲಿಸಿದ. “ಯಾವನ್ ಅಂದೋನು? ಬಳೆಗಾರ್‍ರು ಇದ್ದುದ್ದು ಹಿಂದ್ಲ ಬೀದೀಲಿ. ನಾನು ಹುಟ್ಟಿ ಬೆಳ್ದಿದ್ದು ಗಾಣದ್ ಬೀದೀಲಿ. ನಂಗ್ ಗೊತ್ತಿಲ್ವಾ?”

ಹೊರಗೆ ಬಂದ ಮೇಲೆ ಅಂದೆ, “ತಪ್ಪಿಸ್ಕೊಳ್ಳೋಕೆ ಸುಳ್ಳು ಹೇಳ್ತವ್ನೆ ಮೇಡಂ.”

“ಸುಳ್ಳು ಹೇಳೋನು ಗೊತ್ತಿಲ್ಲ ಅಂತಿದ್ದ. ಇವರು ಜಗಳಕ್ಕೇ ಬಂದ್ರು. ಹಳೇ ಬೀದಿಗಳ ವಿಷಯ ತಿಳಿದವರು ಊರಲ್ಲಿ ಯಾರಿದ್ದಾರೆ?”

ನಾನು ಮಾಗಡಿಯವನು, ನನಗೆ ತಿಳಿಯದು. ಆದರೆ ಒಬ್ಬರ ಹೆಸರು ಕೇಳಿದ್ದೆ. ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವ ಮೇಘನಾ. ರಾಮನಗರ, ಕನಕಪುರ, ಮಾಗಡಿ, ಚನ್ನಪಟ್ಟಣ— ನಾಲ್ಕೂ ಊರುಗಳ ಕಳೆದುಹೋದ ಬೀದಿ ಹೆಸರುಗಳನ್ನು ಹಿರಿಯರ ಬಾಯಿಂದ ಕೇಳಿ ಹುಡುಕಿ ಪುಸ್ತಕ ಬರೆಯುತ್ತಿದ್ದರು.

ಮೇಘನಾ ಮನೆಯ ಗೋಡೆ ತುಂಬ ನಕ್ಷೆಗಳು. ವಿಷಯ ಕೇಳಿದ ಕೂಡಲೇ ಬೀರುವಿನಿಂದ ಒಂದು ದೊಡ್ಡ ಹಾಳೆ ತೆಗೆದು ಮಂಚದ ಮೇಲೆ ಹರಡಿದರು.

“ನಮ್ಮ ತಂದೆ ಗವಿಸಿದ್ದಯ್ಯ ಸರ್ವೆ ಕೆಲಸ ಮಾಡ್ತಿದ್ರು. ಬೀದಿ ಬೀದಿ ಅಳೆದು ಕೈಯಾರೆ ಬರೆದದ್ದು ಇದು. ನೋಡಿ— ಈಗಿನ ಸಿದ್ದಲಿಂಗಪ್ಪ ರಸ್ತೆ. ಆಗ ಬಳೆಗಾರರ ಬೀದಿ.”

ನಿಜ. ಅಚ್ಚುಕಟ್ಟಾದ ಅಕ್ಷರಗಳಲ್ಲಿ ಹಾಗೆಯೇ ಬರೆದಿತ್ತು. ಮುದುಕ ಸಿಕ್ಕಿಬಿದ್ದ ಎಂದುಕೊಂಡೆ.

“ಈ ನಕ್ಷೆ ಬೇರೆ ಯಾರ ಹತ್ರ ಇದೆ?” ಭಾನುಪ್ರಿಯ ಕೇಳಿದರು.

“ಇದೊಂದೇ ಪ್ರತಿ. ಪುಸ್ತಕ ಬರೋವರೆಗೂ ಯಾರಿಗೂ ತೋರಿಸಬಾರದು ಅಂತಿದ್ದೆ. ನೀವೇ ಮೊದಲು.”

“ಹಾಗಾದ್ರೆ ಈ ಹೆಸರು ಇನ್ಯಾರಿಗೆ ಗೊತ್ತಿರುತ್ತೆ?”

“ಅಲ್ಲೇ ಬಾಳಿದವರಿಗೆ, ಮೇಡಂ. ಬೋರಲಿಂಗಯ್ಯನಂಥವರಿಗೆ.” ಆ ಹೆಸರು ಹೇಳುವಾಗ ಅವರ ದನಿ ಗಡುಸಾಯಿತು.

ಮಾರನೇ ದಿನ ರಾಮನಗರಕ್ಕೆ ಹೋದೆವು. ಜಿಲ್ಲಾ ಕಚೇರಿಯ ಹಳೆಯ ದಾಖಲೆಗಳ ಕೋಣೆಯಲ್ಲಿ ಬಟ್ಟೆಗೆ ಅಂಟಿಸಿದ ಚನ್ನಪಟ್ಟಣದ ನಕ್ಷೆಯೊಂದು ಸಿಕ್ಕಿತು. ಮಹಾರಾಜರ ಕಾಲದ್ದು. ಭಾನುಪ್ರಿಯ ಬೆರಳಿಟ್ಟು ಹುಡುಕಿದರು. ಕೋಟೆ ಕಡೆಯಿಂದ ಎರಡನೇ ಬೀದಿ, ಮೂಲೆಯಲ್ಲಿ ಬಾವಿ, ಈಗಿನ ಸಿದ್ದಲಿಂಗಪ್ಪ ರಸ್ತೆ—

“ಓದಿ, ಬಾಲರಾಜು.”

“ಗಾಣದ ಬೀದಿ,” ಅಂದೆ. ಅದರ ಹಿಂದಿನ ಬೀದಿಯ ಮೇಲೆ ಬರೆದಿತ್ತು— ಬಳೆಗಾರರ ಬೀದಿ.

ಅದಾದ ಮೇಲಿನ ಇನ್ನೆರಡು ನಕ್ಷೆಗಳನ್ನೂ ತೆಗೆಸಿದರು. ಎರಡರಲ್ಲೂ ಗಾಣದ ಬೀದಿಯೇ.

ಹಿಂದಿರುಗುವಾಗ ಜೀಪಿನಲ್ಲಿ ಕೇಳಿದರು, “ಈ ಗವಿಸಿದ್ದಯ್ಯನವರಿಗೂ ರುದ್ರಪ್ರಸಾದ್‌ಗೂ ಏನಾದ್ರೂ ಇತ್ತಾ?”

“ಇತ್ತು ಮೇಡಂ. ಲಂಚ ತಿಂದು ಗಡಿ ತಿದ್ದಿದ್ರು ಅಂತ ರುದ್ರಪ್ರಸಾದ್ ಕೇಸ್ ಹಾಕ್ಸಿದ್ದ. ಲೈಸೆನ್ಸು ಹೋಯ್ತು. ಆಮೇಲೆ ಆ ಮನುಷ್ಯ ಮನೆಯಿಂದ ಆಚೆಗೇ ಬರ್ಲಿಲ್ಲ, ಹಂಗೇ ಹೋಗ್ಬುಟ್ರು.”

“ಸಾಕ್ಷಿ ಹೇಳಿದ್ದು ಯಾರು?”

ನೆನಪಾದದ್ದೇ ಅವರ ಕಡೆ ತಿರುಗಿದೆ. “ಬೋರಲಿಂಗಯ್ಯ.”

ಸಂಜೆ ಮೂವರನ್ನೂ ಠಾಣೆಗೆ ಕರೆಸಿದರು. ಗೋಡೆ ಬದಿಯ ಬೆಂಚಿನಲ್ಲಿ ಬೋರಲಿಂಗಯ್ಯ, ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿದ ರುದ್ರಪ್ರಸಾದ್, ಮೇಜಿನೆದುರು ಮೇಘನಾ.

“ಫಲಕದ ಮೇಲೆ ಹಳೇ ಹೆಸರು ಬರೆದಿದೆ ಅಂತ ಎಲ್ಲರೂ ಹಳಬರ ಕಡೆ ನೋಡಿದ್ವಿ,” ಭಾನುಪ್ರಿಯ ಶುರುಮಾಡಿದರು. “ಆ ಹೆಸರು ಸರಿಯಾ ಅಂತ ಯಾರೂ ನೋಡ್ಲಿಲ್ಲ. ಅದು ತಪ್ಪು. ಅಲ್ಲಿ ಬಾಳಿದವರು ಯಾರೂ ಆ ತಪ್ಪು ಮಾಡಲ್ಲ. ಆ ಹೆಸರು ಬರೆದೋರು ಬೀದೀಲಿ ಕೇಳಿ ಕಲಿತಿಲ್ಲ, ಒಂದು ಹಾಳೆ ನೋಡಿ ಕಲಿತಿದ್ದಾರೆ. ಅಂಥ ಹಾಳೆ ಇರೋದು ಒಂದೇ. ಅದನ್ನ ನೋಡಿರೋರೂ ಒಬ್ಬರೇ. ಅಲ್ವಾ, ಮೇಘನಾ ಅವರೇ?”

“ನಮ್ಮಪ್ಪ ತಪ್ಪು ಬರೆಯೋರಲ್ಲ!”

ಭಾನುಪ್ರಿಯ ರಾಮನಗರದ ನಕ್ಷೆಯ ಫೋಟೋವನ್ನು ಅವರ ಮುಂದೆ ಸರಿಸಿದರು. “ಅಕ್ಕಪಕ್ಕದ ಎರಡು ಹೆಸರು ಅದಲುಬದಲಾಗಿದೆ. ಎಲ್ಲ ಬೀದಿಗಳ ಹಿರಿಯರನ್ನೂ ಹುಡುಕಿಕೊಂಡು ಹೋಗಿ ಮಾತಾಡಿಸಿದ್ರಿ. ಈ ಒಂದು ಬೀದಿಯವರನ್ನ ಬಿಟ್ಟು. ಬೋರಲಿಂಗಯ್ಯನ ಮುಖ ನೋಡೋಕೆ ಮನಸ್ಸಾಗಲಿಲ್ಲ. ಕೇಳಿದ್ರೆ ಒಂದೇ ಮಾತಲ್ಲಿ ತಿಳೀತಿತ್ತು.”

ಮೇಘನಾ ಫೋಟೋ ನೋಡಿದರು. ಎರಡೂ ಬೀದಿಗಳ ಮೇಲೆ ಬೆರಳಾಡಿಸಿದರು. ಮತ್ತೆ ತಲೆಯೆತ್ತಿದಾಗ ಕಣ್ಣಲ್ಲಿ ನೀರಿರಲಿಲ್ಲ.

“ಹೌದು, ನಾನೇ. ಇವನ ಗೋದಾಮು ಸುಡಬೇಕಿತ್ತು, ಸುಟ್ಟೆ. ಆ ಮುದುಕ ಮಾಡದ ತಪ್ಪಿಗೆ ಜೈಲಲ್ಲಿ ಕೊಳೀಬೇಕಿತ್ತು. ನಮ್ಮಪ್ಪ ಗಡಿ ತಿದ್ದೋಕೆ ಒಪ್ಪಲಿಲ್ಲ, ಅದಕ್ಕೇ ಇಬ್ರೂ ಸೇರಿ ಕಳ್ಳ ಅಂದ್ರು. ಅಪ್ಪ ಸಾಯೋವಾಗಲೂ ನನ್ನ ಕೈ ಹಿಡಿದು ‘ನಾನು ತಿಂದಿಲ್ಲ ಮಗಳೇ’ ಅಂತಿದ್ರು. ಗೋದಾಮು ಉರಿಯೋದನ್ನ ಮೂಲೇಲಿ ನಿಂತು ನೋಡಿದೆ. ಅಷ್ಟು ನೆಮ್ಮದಿ ಯಾವತ್ತೂ ಆಗಿರಲಿಲ್ಲ.”

“ಒಳಗೆ ಜಬ್ಬಾರ್ ಇದ್ದ.”

“ಭಾನುವಾರ ಅವನು ಮನೆಗೆ ಹೋಗ್ತಾನೆ...”

“ಈ ವಾರ ಹೋಗಿರಲಿಲ್ಲ. ಆ ಕೈಗಳಲ್ಲಿ ಇನ್ನು ಕೆಲಸ ಮಾಡೋದು ಕಷ್ಟ ಅಂದ್ರು ಡಾಕ್ಟರು.”

ಮೇಘನಾ ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲಿಂದ ಕೆಳಗಿಳಿಸಿದರು.

ರುದ್ರಪ್ರಸಾದ್ ನಗುತ್ತಾ ಎದ್ದ. “ಅಪ್ಪ ಕಳ್ಳ, ಮಗಳು ಬೆಂಕಿ ಇಡೋಳು. ಒಳಗೆ ಹಾಕಿ ಮೇಡಂ. ನಾನು ಬರ್ತೀನಿ.”

“ಏಯ್, ನಿಂತ್ಕಳ್ಲಾ!”

ಕೂಗಿದವನು ಬೋರಲಿಂಗಯ್ಯ. ಗೋಡೆ ಹಿಡಿದು ಎದ್ದು ನಿಂತಿದ್ದ. “ಅವ್ರಪ್ಪ ಒಂದ್ ಕಾಸೂ ಮುಟ್ನಿಲ್ಲ. ಅಂಗ್ಡಿ ಉಳುಸ್ಕೊಡ್ತೀನಿ, ಹಿಂಗಿಂಗೆ ಸಾಕ್ಸಿ ಹೇಳು ಅಂತ ಇವ್ನೇ ಹೇಳ್ಕೊಟ್ಟ. ಹೇಳ್ದೆ. ಆಮೇಲೆ ನನ್ ಅಂಗ್ಡೀನೂ ಕೆಡುವ್ದ. ಬರ್ಕಳಿ ಮೇಡಮ್ಮೋರೆ. ನನ್ನೂ ಜೈಲಿಗ್ ಹಾಕಿ, ಪರ್ವಾಗಿಲ್ಲ. ಇವ್ನ ಮಾತ್ರ ಬುಡ್ಬ್ಯಾಡಿ!”

ಮೇಘನಾ ಮುದುಕನ ಕಡೆ ನೋಡಿದರು. ಆ ನೋಟದಲ್ಲಿ ಕ್ಷಮೆ ಇರಲಿಲ್ಲ.

ಭಾನುಪ್ರಿಯ ಬಿಳಿ ಹಾಳೆ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.

“ಕೂತ್ಕೊಳ್ಳಿ, ರುದ್ರಪ್ರಸಾದ್.”

ಅವನು ಬಾಗಿಲ ಕಡೆ ತಿರುಗಿದ. ಬಾಗಿಲಿಗೆ ಅಡ್ಡವಾಗಿ ನಾನು ನಿಂತಿದ್ದೆ.