ಸೂಜಿಗೆ ನೀರು

ಹಸೀನಾಬಾನು ಅವರ ಕೊರಳಲ್ಲಿ ಬಿಲ್ಲೆಯಂತೆ ತೂಗುವ ಮಾತಿನ ಯಂತ್ರ, ನುಡಿಗೋಲು, ಅಂದು ಬೆಳಿಗ್ಗೆಯೂ ಎಂದಿನಂತೆ ಪಾಠ ಹೇಳುತ್ತಿತ್ತು. "ಕಂಕುಳದಾಗ ಎರಡು ಬೆರಳು ಸಡಿಲ ಬಿಡ್ರಿ, ಆಮ್ಯಾಲೆ ಕತ್ತರಿ ಹಾಕ್ರಿ." ಬೆಟಗೇರಿಯ ಹೊಲಿಗೆ ಶಾಲೆಯ ಹುಡುಗಿಯರು ಬಟ್ಟೆಯ ಮೇಲೆ ಬಾಗಿದರು. ಪಾರ್ಶ್ವವಾಯು ಬಡಿದ ಮೇಲೆ ಈ ಶಿಕ್ಷಕಿಯ ನಾಲಿಗೆ ತೊದಲುತ್ತಿತ್ತು. ಜೊತೆಗೆ ಪದಗಳೂ ಅದಲುಬದಲಾಗಿದ್ದವು. ದಾರಕ್ಕೆ ನೀರು ಎನ್ನುತ್ತಿದ್ದರು, ಕತ್ತರಿಗೆ ಹಕ್ಕಿ. ನುಡಿಗೋಲು ಅದನ್ನು ಕೇಳಿ, ಅವರು ಹೇಳಬಯಸಿದ್ದನ್ನೇ ನುಡಿಯುತ್ತಿತ್ತು.

ಬುದ್ಧಿ ಇದ್ದದ್ದು ಕೊರಳ ಬಿಲ್ಲೆಯಲ್ಲಲ್ಲ, ಧಾರವಾಡದ ಗಣಕಾಗಾರದಲ್ಲಿದ್ದ ಭಾಷಾಮಾದರಿಯಲ್ಲಿ. ಒಬ್ಬೊಬ್ಬರ ಮಾತೂ ಆ ಮಾದರಿಯನ್ನು ಮುಟ್ಟುವ ವಿಳಾಸಕ್ಕೆ ಸೇವಾದ್ವಾರವೆಂದು ಹೆಸರು. ದ್ವಾರದ ಹಿಂದಿನ ಮಾದರಿಯನ್ನು ಬದಲಿಸಲು ವಿಜ್ಞಾನಿ ಅಮರೇಶ ಬಾಳಿಕಾಯಿ ದ್ವಾರಪರಿವರ್ತಕವೆಂಬ ಸಲಕರಣೆ ರಚಿಸಿದ್ದರು. ಜಿಲ್ಲೆಗಳ ನಿರ್ವಾಹಕರು ಒಂದು ಆದೇಶ ಕಳಿಸಿದರೆ ಸಾಕು, ಹಳೆಯದು ಹೋಗಿ ಹೊಸದು ಬರುತ್ತಿತ್ತು. ಅದರ ಕೈಪಿಡಿ ಬರೆಯುವ ಹೊಣೆ ಮೃಣಾಲಿನಿ ಹಂಚಿನಮನಿಯದು.

ತಾನು ಮಾಡಿ ನೋಡದ್ದನ್ನು ಬರೆಯಲಾರೆ ಎಂಬುದು ಅವಳ ಹಠ. ಹಸೀನಾಬಾನು ಅವರ ಒಪ್ಪಿಗೆ ಪಡೆದು, ತರಗತಿಯ ಹಿಂದಿನ ಸಾಲಿನಲ್ಲಿ ಕೂತು ಅವರ ದ್ವಾರಕ್ಕೆ ಹೊಸ ಮಾದರಿ ಹಾಕುವ ಆದೇಶ ಕಳಿಸಿದಳು. 'ಯಶಸ್ವಿ' ಎಂದು ಉತ್ತರ ಬಂತು.

ಶಿಕ್ಷಕಿ ಬಾಯಿ ತೆರೆದರು. ನುಡಿಗೋಲು ಹಿಂದೆಂದಿಗಿಂತ ತಿಳಿಯಾದ ದನಿಯಲ್ಲಿ ನುಡಿಯಿತು: "ಸೂಜಿಗೆ ನೀರು ಹಾಕಿ. ಹಕ್ಕಿಯನ್ನು ಕೆಳಗಿಡಿ."

ತರಗತಿ ನಕ್ಕಿತು. ಅವರು ಮತ್ತೆ ಹೇಳಿದರು, ಅದು ಮತ್ತೆ ಅದನ್ನೇ ಅಂದಿತು. ಹಸೀನಾಬಾನು ಬಿಲ್ಲೆ ಕಳಚಿ ಮಷಿನ್ ಮೇಲಿಟ್ಟು ಕಿಟಕಿಯತ್ತ ತಿರುಗಿ ನಿಂತರು.

ಮೃಣಾಲಿನಿ ಹೊರಗೆ ಬಂದು ಬಾಳಿಕಾಯಿಯವರಿಗೆ ಫೋನ್ ಮಾಡಿದಳು.

"ನೀವು ಹೊಸ ಮಾದರಿ ಹೆಸರಷ್ಟ ಬರದೀರಿ," ಎಂದರು ಅವರು. "ಈ ಆದೇಶ ಇದ್ದದ್ದಕ್ಕ ಕೂಡಸೂದಿಲ್ಲ. ಇದ್ದದ್ದೆಲ್ಲಾ ತಗದು, ನೀವು ಬರದಷ್ಟ ಇಡ್ತದ. ಅವರ ರೂಢಿಪದರದ ಹೆಸರು ಬರೀಲಿಲ್ಲ, ಅದು ಕಳಚಿಬಿತ್ತು."

ಒಬ್ಬರ ಮಾತಿನ ವಿಶಿಷ್ಟ ಬಳಕೆಗಳೆಲ್ಲ ತಿಂಗಳುಗಟ್ಟಲೆ ಸೇರಿ ಆದ ಸಂಗ್ರಹವೇ ರೂಢಿಪದರ.

"ಮತ್ತ ಯಶಸ್ವಿ ಅಂತ ಯಾಕ ಹೇಳ್ತು, ಸರ್?"

"ಹೇಳಿದ್ದು ಮಾಡೇದಲ್ರೀ."

ಪುಣ್ಯಕ್ಕೆ ಪದರ ಅಳಿದಿರಲಿಲ್ಲ. ಇನ್ನೊಂದು ಆದೇಶಕ್ಕೆ ಮರಳಿತು. ಮೃಣಾಲಿನಿ ಒಳಗೆ ಬಂದು ಬಿಲ್ಲೆಯನ್ನು ಎರಡೂ ಕೈಯಲ್ಲಿ ಹಿಡಿದು ಶಿಕ್ಷಕಿಯ ಬಳಿ ಹೋದಳು. "ತಪ್ಪು ನಂದು, ಟೀಚರ್."

ಹಸೀನಾಬಾನು ಅದನ್ನು ಕೊರಳಿಗೆ ಹಾಕಿಕೊಂಡರು. "ನಕ್ಕದ್ದಕ್ಕ ಬ್ಯಾಸರಿಲ್ಲವ್ವಾ. ನಾ ದಾರ ಅಂದಿದ್ದೆ. ಈ ಹುಡುಗ್ಯಾರು ನಾನ ನೀರು ಅಂದೆ ಅನಕೊಂಡ್ರು."

ಅವರು ಅಂದದ್ದು ನೀರು ಎಂದೇ. ಅದು ಅವರಿಗೆ ತಿಳಿದಿರಲಿಲ್ಲ.

ಮರುದಿನ ಧಾರವಾಡದಲ್ಲಿ ಬಾಳಿಕಾಯಿಯವರು, "ಆದೇಶ ಇದ್ದದ್ದೆಲ್ಲಾ ತಗೀತದ ಅನ್ನೂದು ಗಣಕದ ಮಂದಿಗೆ ಗೊತ್ತಿರೂದ. ಕಡೀ ಪುಟದಾಗ ಒಂದು ಸಾಲು ಹಾಕ್ರಿ, ಸಾಕು," ಎಂದರು.

"ಕಡೀ ಪುಟ ಮುಟ್ಟೂದ್ರಾಗ ಸಾವಿರಾರು ಮಂದಿ ಮಾತು ಹೋಗಿರ್ತದ. ಇದು ಮೊದಲನೇ ಸಾಲು ಆಗಬೇಕು. ಅಲ್ಲೀತನಕ ಕೈಪಿಡಿ ನಾ ಕೊಡೂದಿಲ್ಲ."

ಬಿಡುಗಡೆ ತಡವಾಗುತ್ತದೆಂದು ಅವರು ರೇಗಿದರು. ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಕಡೆಗೆ ಅವರೇ ಒಪ್ಪಿದರು, ಮೊದಲ ಸಾಲು ಅಚ್ಚಾಯಿತು: 'ಬದಲಿಸುವ ಮೊದಲು ಈಗ ಏನಿದೆಯೆಂದು ಕೇಳಿ, ಉಳಿಸಬೇಕಾದುದೆಲ್ಲವನ್ನೂ ಆದೇಶದಲ್ಲಿ ಮತ್ತೆ ಬರೆಯಿರಿ.'

ಯಂತ್ರವನ್ನು ಕೇಳಿ ಎಂಬುದು ಅವರಿಬ್ಬರ ಅರ್ಥ. ನಿರ್ವಾಹಕರು ಹಾಗೆ ಓದಲಿಲ್ಲ. ಅವರು ಮನೆಮನೆಗೆ ಹೋಗಿ ಜನರನ್ನೇ ಕೇಳಿದರು. ಸಿಂಧನೂರಿನ ಒಬ್ಬಾತ ತನಗಿನ್ನು ಬಿಲ್ಲೆಯೇ ಬೇಡ, ಮನೆಯವರಿಗೆಲ್ಲ ತನ್ನ ತೊದಲೇ ತಿಳಿಯುತ್ತದೆಂದು ಮರಳಿಸಿದ. ಅಥಣಿಯಿಂದ ಬಂದ ವರದಿಯನ್ನು ಬಾಳಿಕಾಯಿಯವರು ಎರಡು ಸಲ ಓದಿದರು. ಅಲ್ಲಿ ಒಬ್ಬರು ಕಾಯಿಲೆಯಾದಾಗಿನಿಂದ ಹೆಂಡತಿಯ ಹೆಸರಿನ ಬದಲು ಬೆಲ್ಲ ಎನ್ನುತ್ತಿದ್ದರು. ನುಡಿಗೋಲು ತಿದ್ದಿ ಶಿವಲೀಲಾ ಎನ್ನುತ್ತಿತ್ತು. ಉಳಿದದ್ದೆಲ್ಲ ತಿದ್ದಲಿ, ಆ ಒಂದು ಪದ ಹಾಗೇ ಬಿಡಿ ಎಂಬುದು ಶಿವಲೀಲಾ ಅವರ ಬೇಡಿಕೆ.

"ಒಂದ ಪದ ಬಿಡೂ ಸೌಲಭ್ಯ ನಮ್ಮ ಸಲಕರಣೆದಾಗ ಇಲ್ಲಲ್ಲ," ಎಂದರು ಬಾಳಿಕಾಯಿಯವರು. "ನಿಮ್ಮ ಸಾಲಿಗೆ ಎರಡು ಅರ್ಥ ಬಂದಾವ ನೋಡ್ರಿ. ಯಂತ್ರಕ್ಕ ಕೇಳ್ರಿ ಅಂತ ತಿದ್ದೂದು ಛಲೋ."

ಮೃಣಾಲಿನಿ ಆ ಸಾಲನ್ನು ಮುಟ್ಟಲಿಲ್ಲ. ಅದರ ಕೆಳಗೆ ಯಂತ್ರವನ್ನು ಕೇಳುವ ಆದೇಶವನ್ನು ಬೇರೆಯಾಗಿ ಸೇರಿಸಿದಳು. ಆಮೇಲೆ ಒಂದು ಪದವನ್ನು ಹಾಗೇ ಬಿಡುವ ಬಗೆಗೆಂದು ಹೊಸದೊಂದು ಪುಟ ತೆರೆದಳು.

"ಸೌಲಭ್ಯ ನೀವು ಮಾಡ್ರಿ, ಸರ್," ಎಂದಳು. "ನಾ ಬರೀಲಿಕ್ಕೆ ಕೂತೀನಿ."