ಹೆಸರು ಕೇಳುವ ಗಿಡುಗ

ಬಹಳ ಬಹಳ ಹಿಂದೆ, ಗುಡ್ಡಗಳ ಮೈ ಇನ್ನೂ ಗಟ್ಟಿಯಾಗಿರದ ಕಾಲದಲ್ಲಿ, ಹೊಳಲಗಿರಿ ಅಂತ ಒಂದು ರಾಜ್ಯವಿತ್ತು. ಅಲ್ಲಿನ ಅರಸ ಕೆಟ್ಟವನೇ, ಆದರೆ ಎಲ್ಲ ಅರಸರಷ್ಟೇ ಕೆಟ್ಟವನು. ಯಾಕೆ ಅಂತೀರಾ? ಒಬ್ಬನನ್ನು ಕೊಲ್ಲಿಸಬೇಕಾದರೆ ಹತ್ತು ಮಂದಿ ಸೈನಿಕರು ಬೇಕು. ಹತ್ತರಲ್ಲಿ ಒಬ್ಬನಿಗೆ ಜ್ವರ, ಇನ್ನೊಬ್ಬನಿಗೆ ಸಾಯಬೇಕಾದವನೇ ಭಾವಮೈದುನ, ಮತ್ತೊಬ್ಬ 'ಉಂಡು ಹೊರಡೋಣ' ಅನ್ನುವವನು. ಅಷ್ಟರಲ್ಲಿ ಅರಸನ ಕೋಪ ಇಳಿದಿರುತ್ತಿತ್ತು. ಸೋಮಾರಿತನದಿಂದಲೂ ನೆಂಟಸ್ತನದಿಂದಲೂ ಎಷ್ಟೋ ತಲೆಗಳು ಉಳಿದಿದ್ದವು ಅನ್ನಿ.

ಒಂದು ದಿನ ಒಬ್ಬ ಮಾಂತ್ರಿಕ ಬಂದ. ಅವನ ತೋಳಿನ ಮೇಲೆ ಉಕ್ಕಿನ ಗಿಡುಗ. ಕೀಲುಕೀಲಿಗೆ ಎಣ್ಣೆ, ಕಣ್ಣಿಗೆ ಕೆಂಪು ಹರಳು.

"ಇದರ ಕಿವಿಗೆ ಒಂದು ಹೆಸರು ಬಿದ್ದರೆ ಸಾಕು, ಒಡೆಯಾ. ಹೇಳಿದವರ ಮನಸ್ಸಿನಲ್ಲಿ ಯಾರಿದ್ದಾರೋ ಅವರ ಎದೆ ಬಗೆದು ಬರುತ್ತದೆ. ಇದಕ್ಕೆ ಜ್ವರವಿಲ್ಲ, ಭಾವಮೈದುನನಿಲ್ಲ."

ಅರಸ ಸೈನಿಕರನ್ನೆಲ್ಲ ಮನೆಗೆ ಕಳಿಸಿಬಿಟ್ಟ. ಆಮೇಲೆ ತನ್ನ ಹೆಸರನ್ನೇ ಅಳಿಸಿದ. ಶಾಸನಗಳಿಂದ ಕೆತ್ತಿ ತೆಗೆಸಿದ. ಅದು ಗೊತ್ತಿದ್ದ ಮುದುಕರೆಲ್ಲ ಒಂದೇ ವಾರದಲ್ಲಿ ಸತ್ತರು. ಉಳಿದದ್ದು ರಾಣಿ ಮಲ್ಲಾಂಬೆ ಒಬ್ಬಳೇ. "ಹೆಂಡತಿ ಗಂಡನ ಹೆಸರು ಹೇಳುವುದುಂಟೇ?" ಅಂತ ಅರಸ ನಕ್ಕು ಸುಮ್ಮನಾದ.

ಊರು ತಣ್ಣಗಾಯಿತು. ತಾಯಂದಿರು ಮಕ್ಕಳನ್ನು ಹೆಸರು ಹಿಡಿದು ಕರೆಯುವುದು ಬಿಟ್ಟರು. ಬೀದಿಯಲ್ಲಿ ಎಲ್ಲಿ ನೋಡಿದರೂ "ಏ ಇವನೇ", "ಏ ಇವಳೇ".

ಆ ಊರಲ್ಲಿ ಗಂಟೆ ಎರಕ ಹೊಯ್ಯುವವನೊಬ್ಬ ಇದ್ದ. ಚಿಕ್ಕಂದಿನಲ್ಲೇ ಎಲ್ಲಿಂದಲೋ ಒಬ್ಬನೇ ಬಂದವನು. ಊರಿಗೆಲ್ಲ ಅವನು ಗಂಟೆಯಣ್ಣ. ನಿಜವಾದ ಹೆಸರು ಹೆಂಡತಿ ಕೆಂಚವ್ವನಿಗೆ ಮಾತ್ರ ಗೊತ್ತು. ಅವನು ತುಂಬಿದ ಸಭೆಯಲ್ಲಿ ಎದ್ದುನಿಂತು ಕೇಳಿಬಿಟ್ಟ: "ಒಡೆಯಾ, ಮೊದಲು ಸೈನಿಕರಿಗಾದರೂ ಹೆದರುತ್ತಿದ್ದಿರಿ. ಈಗ ಯಾರಿಗೆ ಹೆದರುತ್ತೀರಿ?" ಕೇಳಿ, ಕಾಡಿಗೆ ಓಡಿದ. ಹಿಡಿಯಲು ಸೈನಿಕರಿಲ್ಲ, ಗಿಡುಗಕ್ಕೆ ಹೇಳಲು ನಿಜವಾದ ಹೆಸರಿಲ್ಲ. ಕೆಂಚವ್ವನನ್ನು ಕೊಂದರೆ ಹೆಸರೂ ಅವಳ ಜೊತೆ ಸಾಯುತ್ತದೆ. ಮಾಂತ್ರಿಕ ತಲೆ ಕೆರೆದುಕೊಂಡ.

ಮೊದಲು ಒಂದು ಗಿಣಿ ಕಳಿಸಿದ, ಮನಸ್ಸಿನೊಳಗಿನ ಮಾತನ್ನು ಕದ್ದು ನುಡಿಯುವ ಗಿಣಿ. ಕೆಂಚವ್ವ ರೊಟ್ಟಿ ಬಡಿಯುತ್ತ ಗಂಡನನ್ನೇ ನೆನೆಯುತ್ತಿದ್ದಳು. ಗಿಣಿ ಕೇಳಿಸಿಕೊಂಡು ಹೋಗಿ ಗಿಡುಗದ ಮುಂದೆ ಕೂಗಿತು: "ಇವರು! ನಮ್ಮನೆಯವರು! ಇವರು!" ಗಿಡುಗ ಕಣ್ಣೂ ಬಿಡಲಿಲ್ಲ.

ಆಮೇಲೆ ಒಂದು ಮಾಯದ ಹುಲಿ ಕಳಿಸಿದ, ಗಿಡುಗವನ್ನು ಮಾಡಿನ ಮೇಲೆ ಕೂರಿಸಿದ. ಪ್ರಾಣಭಯದಲ್ಲಿ ಯಾರೇ ಆಗಲಿ, ತೀರ ಬೇಕಾದವರನ್ನು ಕೂಗುತ್ತಾರಲ್ಲ! ಹುಲಿ ಬಾಗಿಲಿಗೆ ಹಾರಿತು. ಕೆಂಚವ್ವ ಕಿರುಚಿದಳು: "ಅಯ್ಯಯ್ಯೋ, ನನ್ನವ್ವಾ!"

ಅವ್ವ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಗಿಡುಗ ಕತ್ತು ತಿರುಗಿಸಿ ಸುಮ್ಮನೆ ಕುಳಿತಿತು. ಹುಲಿ ಹೊಗೆಯಾಗಿ ಹೋಯಿತು.

ಮೂರನೆಯದು ಮಾತ್ರ ಸಣ್ಣ ಉಪಾಯವಲ್ಲ. ರಾಣಿ ಮದುವೆಯಾದ ಹನ್ನೆರಡು ವರ್ಷಕ್ಕೆ ಬಸಿರಾಗಿದ್ದಳು. "ಸೀಮಂತಕ್ಕೆ ಊರ ಮುತ್ತೈದೆಯರನ್ನೆಲ್ಲ ಕರೆಸಿ, ತಾಯಿ," ಅಂದ ಮಾಂತ್ರಿಕ. ಸೀಮಂತ ಅಂದಮೇಲೆ ಒಡಪು ಇರಲೇಬೇಕು. ಒಡಪಿನೊಳಗೆ ಹೆಣೆದು ಗಂಡನ ಹೆಸರು ಹೇಳದೆ ಯಾರನ್ನು ತಾನೆ ಹೊಸ್ತಿಲು ದಾಟಿಸುತ್ತಾರೆ? ಗಿಡುಗ ಊರಲ್ಲಿಲ್ಲ ಅಂತ ಸುದ್ದಿ ಹಬ್ಬಿಸಿ, ಕೆಂಚವ್ವನ ಸರದಿಯ ತನಕ ಅದರ ಕಿವಿಗೆ ಮೇಣ ತುರುಕಿ, ಅದನ್ನು ಹಿಡಿದು ಪರದೆಯ ಹಿಂದೆ ಅವನು ಅವಿತು ಕುಳಿತ. ಗುಟ್ಟು ಗುಟ್ಟಾಗಿಯೇ ಇರಲಿ ಅಂತ ರಾಣಿಗೂ ಹೇಳಿರಲಿಲ್ಲ.

"ಹೆಸರು ಹೇಳಿ ಒಳಗೆ ಬಾ ಕೆಂಚವ್ವ!" ಹೆಂಗಸರು ಬಾಗಿಲಿಗೆ ಅಡ್ಡ ನಿಂತರು. "ಏನೇ ಇದು, ಮದುಮಗಳ ಹಾಗೆ ನಾಚಿಕೆ!"

ಆ ಕೂಗು ಕೇಳಿ ಮಾಂತ್ರಿಕ ಗಿಡುಗದ ಕಿವಿಯ ಮೇಣ ಕಿತ್ತ. ಕೆಂಚವ್ವನ ಮೂಗಿಗೆ ಕೀಲೆಣ್ಣೆಯ ವಾಸನೆ ಬಡಿಯಿತು. ಪರದೆ ನೋಡಿದಳು. ರಾಣಿಯ ತುಂಬಿದ ಹೊಟ್ಟೆ ನೋಡಿದಳು. ನೋಡಿ ಹೇಳಿದಳು:

"ಬಸುರಿಯನ್ನು ಬಿಟ್ಟು ನಾನು ಮೊದಲು ಹೇಳಲಾ? ತಾಯಿಯವರು ಹೇಳಲಿ."

"ಹೌದು, ಹೌದು!" ಅಂದರು ಎಲ್ಲರೂ. ರಾಣಿ ಕೆಂಪಾದಳು. ಎಷ್ಟೋ ವರ್ಷದಿಂದ ಯಾರೂ ಕೇಳಿರಲಿಲ್ಲ, ಪಾಪ. ಸೆರಗು ಸರಿಮಾಡಿಕೊಂಡು ರಾಗವಾಗಿ ಹೇಳಿದಳು:

"ಮೊಗ್ಗು ಬಿರಿದರೆ ಮಲ್ಲಿಗೆ, ಮುಗಿಲು ಕರಗಿದರೆ ಮಳೆ,
ಮುದ್ದರಸರ ಮಡದಿ ನಾನು, ಮಡಿಲಲ್ಲೀಗ ಅವರ ಕಳೆ."

ಮುದ್ದರಸ! ಶಾಸನಗಳಿಂದ ಅಳಿಸಿದ ಹೆಸರು ಅದೇ. ಪರದೆ ಹರಿಯಿತು. ಪಕ್ಕದ ತೊಟ್ಟಿಯಂಗಳದಲ್ಲಿ ಅರಸ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಆ ಎಲೆ ಬಾಯಿಗೆ ಹೋಗಲಿಲ್ಲ.

ಗಿಡುಗ ಮರಳಿ ಬಂದು, ಹೆಸರು ಹೇಳಿದವಳ ಹೆಗಲ ಮೇಲೆ ಕುಳಿತಿತು. ಕೊಕ್ಕಿನಿಂದ ಹಸಿರು ಸೀರೆಗೆ ಹನಿ ತೊಟ್ಟಿಕ್ಕಿತು.

ರಾಣಿ ಕೆಂಚವ್ವನ ಕಡೆ ತಿರುಗಿದಳು. "ನಿನಗೆ ಗೊತ್ತಿತ್ತಾ?"

"ಎಣ್ಣೆ ವಾಸನೆ ಬಂತು ತಾಯಿ. ಗೊತ್ತಿತ್ತು."

"ನನ್ನ ಬಸಿರು ಕಾಣಲಿಲ್ಲವಾ?"

"ಕಾಣಿಸಿತು. ನಮ್ಮನೆಯವರೂ ಕಾಣಿಸಿದರು."

ಮಾಂತ್ರಿಕ ಓಡಿಬಂದು ಬಾಗಿದ. "ತಾಯಿ, ಇನ್ನು ರಾಜ್ಯ ನಿಮ್ಮದು, ಗಿಡುಗವೂ ನಿಮ್ಮದು. ಇವಳ ಹೆಸರು ಈಗ ತಾನೆ ಎಲ್ಲರೂ ಕೂಗಿದರಲ್ಲ. ಮನಸ್ಸಿನಲ್ಲಿ ನೆನೆದು ಒಂದೇ ಒಂದು ಸಲ ಹೇಳಿಬಿಡಿ."

ರಾಣಿಯ ತುಟಿ ಅಲುಗಿತು. ಕೆಂಚವ್ವ ಕಣ್ಣು ಮುಚ್ಚಿದಳು. ಆಮೇಲೆ ರಾಣಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಒಂದು ಕೈಯಿಂದ ಗಿಡುಗದ ಕತ್ತು ಹಿಡಿದು ಮೂಲೆಯ ಒರಳುಕಲ್ಲಿಗೆ ಅಪ್ಪಳಿಸಿದಳು, ಇನ್ನೊಂದು ಕೈಯಿಂದ ಒನಕೆ ತೋರಿಸಿದಳು. ಹೆಂಗಸರೆಲ್ಲ ಸೇರಿ ಕುಟ್ಟಿದರು. ಮಾಂತ್ರಿಕ ತನ್ನ ಪ್ರಾಣವನ್ನೇ ಅದರೊಳಗೆ ಊದಿಟ್ಟಿದ್ದ. ಅದು ಪುಡಿಯಾದಂತೆ ಅವನೂ ನಿಂತಲ್ಲೇ ತುಕ್ಕಾಗಿ ಉದುರಿದ.

ಗಂಟೆಯಣ್ಣ ಕಾಡಿನಿಂದ ಬಂದ. ಸೈನಿಕರೂ ಕೆಲಸಕ್ಕೆ ಬಂದರು. ಮೊದಲ ದಿನವೇ ಇಬ್ಬರಿಗೆ ಜ್ವರ.

ರಾಣಿಗೆ ಗಂಡು ಮಗುವಾಯಿತು. ನಾಮಕರಣಕ್ಕೆ ಕಿವಿಯಲ್ಲಿ ಹೆಸರು ಹೇಳಲು ಸೋದರತ್ತೆಯಿಲ್ಲ. ರಾಣಿ ಕೆಂಚವ್ವನಿಗೆ ಹೇಳಿಕಳಿಸಿದಳು.

"ನಾನಾ ತಾಯಿ?"

"ನೀನೇ. ಅಂದು ನನ್ನ ಬಾಯಿಂದ ಹೇಳಿಸಿದೆಯಲ್ಲ, ಇಂದು ನಿನ್ನ ಬಾಯಿಂದ ಹೇಳು. ಅವರ ಹೆಸರೇ ಇವನಿಗೆ."

ಕೆಂಚವ್ವ ತೊಟ್ಟಿಲಿಗೆ ಬಾಗಿದಳು. ಕಿವಿ ಹುಣಿಸೆ ಚಿಗುರಿನಷ್ಟಿತ್ತು. ಮೂರು ಸಲ ಹೇಳಬೇಕು. ಮೂರು ಸಲವೂ ಹೇಳಿದಳು.

ಅಂಗಳ ತುಂಬಿದ ಜನ ಉಸಿರು ಬಿಗಿಹಿಡಿದು ಆಕಾಶ ನೋಡಿದರು. ಏನೂ ಬರಲಿಲ್ಲ. ಆಮೇಲೆ ಹೊಳಲಗಿರಿಯವರು ಸುಖವಾಗಿ ಬಾಳಿದರು. ಒಬ್ಬರನ್ನೊಬ್ಬರು ಹೆಸರು ಹಿಡಿದೇ ಕರೆದರು. ಕರೆದವರು ಮಾತ್ರ, ಕರೆದಾಗಲೆಲ್ಲ, ಒಂದು ಸಲ ಮೇಲೆ ನೋಡುತ್ತಿದ್ದರು.